ಹೆಸರು ಕೇಳಲು ಮರೆತ ಅಣ್ಣನಿಗೆ

ಬಳ್ಳಾರಿಯ ಮಾಳಿಗೆಗಳಿಗೆ ಕೆಂಪು ಧೂಳು ಹೊಸದಲ್ಲ, ಅಲ್ವಾ? ನಮ್ಮದರಲ್ಲಿ ಪಾಚಿ ಬೇರೆ. ಬ್ಲೀಚಿಂಗ್ ನೀರು ಹೊಡೆಯೋಣ ಅಂತ 12 ವೋಲ್ಟಿನ ಸ್ಪ್ರೇ ಪಂಪ್ ತಂದೆ. ಬ್ಯಾಟರಿ ಕೆಳಗಿಟ್ಟು, ಮನೆಯಲ್ಲಿದ್ದ ತೆಳು ವೈರನ್ನೇ ಮೇಲಕ್ಕೆ ಎಳೆದೆ. ಪಂಪ್ ಗುರ್ ಅಂದಿತು, ನೀರು ಮಾತ್ರ ಗೇಣುದ್ದವೂ ಹಾರಲಿಲ್ಲ.

ಪಕ್ಕದ ಮನೆಗೆ ಮೋಟರ್ ರಿಪೇರಿಗೆ ಬಂದಿದ್ದ ನೀವು, ನಾನು ಕರೆಯದೆಯೇ ಮೇಲೆ ಬಂದಿರಿ. ಮೀಟರ್ ಹಿಡಿದರೆ ಬ್ಯಾಟರಿ ಹತ್ತಿರ 12.4, ಓಡುವ ಪಂಪಿನ ಹತ್ತಿರ ಬರೀ 9.8. "ಪಂಪ್ ಚಲೋ ಐತಿ ತಮ್ಮಾ, ವೋಲ್ಟೇಜು ವೈರೇ ತಿನ್ನಾಕತ್ತೈತಿ" ಅಂದಿರಿ. ನಾನಾಗಲೇ ಅಂಗಡಿಯವನನ್ನು ಮನಸಲ್ಲೇ ಬೈದು ಮುಗಿಸಿದ್ದೆ!

ಬ್ಯಾಟರಿ ಮೇಲೆ ಹೊತ್ತು ತಂದೆವು. ದಪ್ಪ ವೈರು, ಎರಡೇ ಮಾರು, ನಡುವೆ ಒಂದು ಫ್ಯೂಸು. ಆಮೇಲೆ ಪಂಪ್ ಟಕ್ ಟಕ್ ಅಂತ ನಿಂತು ನಿಂತು ಓಡಿತು. ನಾಝಲ್ ತೂತು ಸಣ್ಣದಾದರೆ ಒತ್ತಡ ಏರಿ, ಒಳಗಿನ ಪ್ರೆಶರ್ ಸ್ವಿಚ್ಚು ಪಂಪನ್ನೇ ಆಫ್ ಮಾಡುತ್ತದಂತೆ. ದೊಡ್ಡದು ಹಾಕಿದಿರಿ, ಸರಿಹೋಯಿತು. ಹೀರುವ ಪೈಪಿನ ಕ್ಲಿಪ್ಪನ್ನೂ ಬಿಗಿದಿರಿ, ಗಾಳಿ ಎಳೆಯಬಾರದು ಅಂತ.

ದುಡ್ಡು ಮುಟ್ಟಲಿಲ್ಲ, ಎರಡು ಲೋಟ ಮಜ್ಜಿಗೆ ಕುಡಿದು ಹೊರಟಿರಿ. ಕೆಲಸ ಮುಗಿದ ಮೇಲೆ ಬರೀ ನೀರು ಓಡಿಸು ಅಂದಿದ್ದಿರಲ್ಲ, ಪ್ರತಿಸಲ ಓಡಿಸುತ್ತಿದ್ದೇನೆ ಅಣ್ಣ. ತುಂಬಾ ಥ್ಯಾಂಕ್ಸ್.