ಬಂದೂಕು ಒಂದೇ ಬರೋದಿಲ್ಲ ಮಗಳೇ

ಪ್ರೀತಿಯ ಪುಟ್ಟಿ,

ಹೊಸ ರೈಫಲ್‌ನ ಟ್ರಯಲ್ ತಂಡಕ್ಕೆ ನಿನ್ನನ್ನು ಹಾಕಿದ್ದಾರೆ ಅಂತ ಓದಿ ಖುಷಿಯಾಯಿತು. ಯಾವ ರೈಫಲ್, ಎಷ್ಟು ಬಂದಿವೆ, ಎಲ್ಲಿ ಫೈರಿಂಗ್ ಅನ್ನೋದನ್ನು ನೀನು ಬರೆದಿಲ್ಲ. ಒಳ್ಳೇದೇ ಆಯಿತು, ಮುಂದೆಯೂ ಬರೆಯಬೇಡ. ಆದರೆ ಕೊನೆಯಲ್ಲಿ ಒಂದು ಸಾಲು ಹಾಕಿದ್ದೀಯ: "ಅಪ್ಪಾ, ಇಲ್ಲಿ ಎಲ್ಲರೂ ಕ್ಯಾಟಲಾಗ್ ನೋಡಿ ಮರುಳಾಗಿದ್ದಾರೆ, ನಾನು ಏನು ನೋಡಬೇಕು?" ಮೊದಲು ಬಂದೂಕು ರಿಪೇರಿ, ಆಮೇಲೆ ಫೈರಿಂಗ್ ಕಲಿಸುವ ಕೆಲಸ ಅಂತ ಸರ್ವಿಸ್ ಮುಗಿಸಿದವನಿಗೆ ಈ ಪ್ರಶ್ನೆ ಕೇಳಿದರೆ ಚಿಕ್ಕ ಉತ್ತರ ಸಿಗುತ್ತಾ? ನಿಧಾನವಾಗಿ ಓದು.

ಮೊದಲು ಬಂದೂಕನ್ನೇ ನೋಡಬೇಡ. ಅದರ ಜೊತೆ ಏನೇನು ಬರುತ್ತದೆ, ಏನು ಬರೋದಿಲ್ಲ ಅನ್ನೋದನ್ನು ನೋಡು. ಗುಂಡು, ಅದನ್ನು ತುಂಬುವ ಮ್ಯಾಗಜೀನ್, ಗುರಿ ಹಿಡಿಯುವ ಸೈಟ್, ಬ್ಯಾಟರಿ, ಶುಚಿ ಮಾಡುವ ಕಿಟ್, ಬಿಡಿಭಾಗ, ಕಲಿಯೋಕೆ ಸಿಗುವ ದಿನಗಳು, ಕಲಿಯೋಕೆ ಅಂತಲೇ ಕೊಡುವ ಗುಂಡುಗಳು. ಇಷ್ಟೂ ಸೇರಿದರೆ ಒಂದು ಆಯುಧ. ಕ್ಯಾಟಲಾಗ್‌ನಲ್ಲಿ ಇರೋದು ಅದರ ಒಂದು ತುಂಡು ಮಾತ್ರ.

ಎಂ16ರ ಕಥೆ ನಿನಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ಯಾಕೆಂದರೆ ಜನ ಅದನ್ನು ಅರ್ಧ ಮಾತ್ರ ಹೇಳುತ್ತಾರೆ. 1960ರ ದಶಕದಲ್ಲಿ ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರ ಕೈಗೆ ಆ ಹೊಸ ರೈಫಲ್ ಬಂತು. ಹಗುರ, ಭುಜಕ್ಕೆ ಪೆಟ್ಟು ಕಡಿಮೆ, ಎಲ್ಲರಿಗೂ ಇಷ್ಟ. ಆಮೇಲೆ ಯುದ್ಧದ ಮಧ್ಯೆಯೇ ಸಿಕ್ಕಿಕೊಳ್ಳೋಕೆ ಶುರುವಾಯಿತು. ಹಾರಿದ ಗುಂಡಿನ ಖಾಲಿ ಕೇಸ್ ಚೇಂಬರ್‌ನಲ್ಲಿ, ಅಂದರೆ ಗುಂಡು ಕೂರುವ ಗೂಡಿನಲ್ಲಿ, ಅಂಟಿಕೊಂಡು ಕೂತುಬಿಡುತ್ತಿತ್ತು. ಅದನ್ನು ತೆಗೆಯೋಕೆ ಬ್ಯಾರೆಲ್‌ನ ಬಾಯಿಯಿಂದ ಸರಳು ತೂರಿಸಿ ಹಿಂದಕ್ಕೆ ತಳ್ಳಬೇಕು. ಎದುರಿಂದ ಗುಂಡು ಬರುತ್ತಿರುವಾಗ!

ತಪ್ಪು ಎಲ್ಲಿತ್ತು? ಪರೀಕ್ಷೆ ಮಾಡಿದಾಗ ಇದ್ದ ಮದ್ದು ಒಂದು, ಆಮೇಲೆ ಕೊಟ್ಟ ಗುಂಡಿನಲ್ಲಿ ತುಂಬಿದ ಮದ್ದು ಇನ್ನೊಂದು. ಹೊಸ ಮದ್ದಿಗೆ ರೈಫಲ್ ಬೇಕಾದ್ದಕ್ಕಿಂತ ವೇಗವಾಗಿ ಓಡಿತು, ಮಸಿಯೂ ಜಾಸ್ತಿ ಕಟ್ಟಿತು. ಚೇಂಬರ್‌ಗೆ ಕ್ರೋಮ್ ಲೇಪ ಇರಲಿಲ್ಲ, ಆ ತೇವದಲ್ಲಿ ತುಕ್ಕು ಹಿಡಿಯಿತು. ಎಲ್ಲಕ್ಕಿಂತ ಮೇಲೆ, ಇದಕ್ಕೆ ಶುಚಿ ಅಷ್ಟೇನೂ ಬೇಡ ಅಂತ ಯಾರೋ ಹಬ್ಬಿಸಿದ್ದರು. ಕಿಟ್‌ಗಳೇ ಸಾಕಷ್ಟು ಹೋಗಿರಲಿಲ್ಲ. 1967ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ತನಿಖೆ ಮಾಡಿತು. ಆಮೇಲೆ ಕ್ರೋಮ್ ಬಂತು, ಕಿಟ್ ಬಂತು, ಸೈನಿಕ ಆಸೆಪಟ್ಟು ಓದಲಿ ಅಂತ ಚಿತ್ರಕಥೆಯ ಹಾಗೆ ಒಂದು ಕೈಪಿಡಿಯೂ ಬಂತು. ಅದೇ ಮನೆತನದ ರೈಫಲ್ ಇವತ್ತಿಗೂ ಎಷ್ಟೋ ಸೈನ್ಯಗಳಲ್ಲಿದೆ. ಹಾಗಾಗಿ ಟ್ರಯಲ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಾನೀಗ ಹಾರಿಸುತ್ತಿರುವ ಗುಂಡೇ ನಾಳೆ ಎಲ್ಲರಿಗೂ ಸಿಗುತ್ತದಾ? ಟ್ರಯಲ್‌ಗೆ ಅಂತ ಆರಿಸಿ ತಂದ ಪೆಟ್ಟಿಗೆ ಆದರೆ ಅದು ಟ್ರಯಲ್ಲೇ ಅಲ್ಲ.

ಜರ್ಮನಿಯ ಜಿ36 ಕಥೆ ಬೇರೆ ತರಹದ್ದು. ಬ್ಯಾರೆಲ್ ಕಾದಾಗ ಗುರಿ ತಪ್ಪುತ್ತದೆ ಅಂತ 2012ರ ಹೊತ್ತಿಗೆ ಗಲಾಟೆ ಎದ್ದಿತು. ಈಗಿರುವ ರೂಪದಲ್ಲಿ ಈ ರೈಫಲ್‌ಗೆ ಜರ್ಮನಿಯ ಸೈನ್ಯದಲ್ಲಿ ಭವಿಷ್ಯವಿಲ್ಲ ಅಂತ 2015ರಲ್ಲಿ ಅಲ್ಲಿನ ರಕ್ಷಣಾ ಮಂತ್ರಿಯೇ ಹೇಳಿದರು. ವಿಷಯ ಕೋರ್ಟಿಗೆ ಹೋಯಿತು. ಒಪ್ಪಂದದ ಪ್ರಕಾರ ಮಾಲಿನಲ್ಲಿ ದೋಷ ಇಲ್ಲ ಅಂತ 2016ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು. ನನ್ನ ಪ್ರಕಾರ ಅದರಲ್ಲಿ ಆಶ್ಚರ್ಯವೇನಿಲ್ಲ. ಕೇಳದೇ ಇದ್ದದ್ದನ್ನು ಯಾರೂ ಕೊಡೋದಿಲ್ಲ. ನಿಮ್ಮ ಟ್ರಯಲ್ ಹಾಳೆಯಲ್ಲಿ ಯಾವ ಕಾಲಂ ಇಲ್ಲವೋ ಅದನ್ನು ಯಾರೂ ಪರೀಕ್ಷೆ ಮಾಡೋದಿಲ್ಲ. ಬ್ಯಾರೆಲ್ ಕಾದ ಮೇಲೂ ಒಂದು ಗ್ರೂಪ್, ಅಂದರೆ ಒಂದೇ ಗುರಿಗೆ ಸಾಲಾಗಿ ಕೆಲವು ಗುಂಡು, ಹಾರಿಸಿ ಎಷ್ಟು ಹರಡಿವೆ ಅಂತ ಅಳೆಯಿರಿ. ಕಾಲಂ ಇಲ್ಲದಿದ್ದರೆ ಪೆನ್ನಿನಲ್ಲಿ ಗೆರೆ ಎಳೆದು ಸೇರಿಸು.

ಈಗ ತೂಕಕ್ಕೆ ಬರೋಣ. 2022ರಲ್ಲಿ ಅಮೆರಿಕದ ಸೈನ್ಯ ಸಿಗ್ ಸಾವರ್ ಕಂಪನಿಯ ಹೊಸ ರೈಫಲ್ ಆರಿಸಿತು, ಈಗ ಅದರ ಹೆಸರು ಎಂ7. ಗುಂಡು 6.8 ಮಿ.ಮೀ. ಒತ್ತಡ ತಡೆಯಲಿ ಅಂತ ಕೇಸ್‌ನ ತಳ ಉಕ್ಕಿನದು, ಮೇಲಿನದು ಹಿತ್ತಾಳೆ. ದೂರಕ್ಕೆ ಹೋಗಬೇಕು, ಎದುರಾಳಿಯ ಕವಚ ಸೀಳಬೇಕು ಅನ್ನೋದು ಉದ್ದೇಶ. ಉದ್ದೇಶ ಸರಿಯೇ. ಆದರೆ ಅವರ ಹಳೆಯ ರೈಫಲ್ ಎಂ4 ಖಾಲಿಯಾಗಿದ್ದಾಗ 3 ಕೆ.ಜಿ. ಆಸುಪಾಸು, ಇದು ಸದ್ದು ಕುಗ್ಗಿಸುವ ಸಪ್ರೆಸರ್ ಸೇರಿ ಸುಮಾರು 4.5 ಕೆ.ಜಿ. ಹಳೆಯದಕ್ಕೆ 30 ಗುಂಡಿನ ಮ್ಯಾಗಜೀನ್, ಇದಕ್ಕೆ 20ರದ್ದು. ಏಳು ಮ್ಯಾಗಜೀನ್ ಹೊತ್ತರೆ ಅಲ್ಲಿ 210 ಗುಂಡು, ಇಲ್ಲಿ 140. ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಕಾಗದದ ಮೇಲೆ ತೀರ್ಮಾನ ಮಾಡೋದು ಸುಲಭ. ಹೊತ್ತು ನಡೆದವರನ್ನು ಕೇಳಬೇಕು. ಅದಕ್ಕೇ ಹೇಳುತ್ತೇನೆ, ರೇಂಜ್‌ಗೆ ಗಾಡಿಯಲ್ಲಿ ಹೋಗಿ ಇಳಿದು ಹಾರಿಸಬೇಡಿ. ಪೂರ್ತಿ ಭಾರ ಹೊತ್ತು ನಡೆದು ಹೋಗಿ, ಏದುಸಿರು ಬಿಡುತ್ತಿರುವಾಗಲೇ ಮೊದಲ ಗ್ರೂಪ್ ಹಾರಿಸಿ, ಸುಧಾರಿಸಿಕೊಂಡ ಮೇಲೆ ಇನ್ನೊಂದು. ಎರಡು ಗ್ರೂಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ನಾನು ಹೇಳೋದೇ ಬೇಡ.

ಸೈಟ್ ವಿಷಯದಲ್ಲಿ ಮಾತ್ರ ನಾನು ಹೊಸದರ ಪಕ್ಷ. ಬಂದೂಕುಗಳು ಬದಲಾಗಿದ್ದಕ್ಕಿಂತ ಅದರ ಮೇಲೆ ಕೂರುವ ಸಾಮಾನು ಜಾಸ್ತಿ ಬದಲಾಗಿದೆ, ಮತ್ತು ಹೆಚ್ಚಿನ ಲಾಭ ಬಂದದ್ದೂ ಅಲ್ಲಿಂದಲೇ. ಮಾಮೂಲಿ ಸೈಟ್‌ನಲ್ಲಿ ಹಿಂದಿನ ತೂತು, ಮುಂದಿನ ಮೊನೆ, ಗುರಿ, ಈ ಮೂರನ್ನೂ ಕಣ್ಣು ಹೊಂದಿಸಬೇಕು. ರೆಡ್ ಡಾಟ್‌ನಲ್ಲಿ, ಅಂದರೆ ಗಾಜಿನೊಳಗೆ ಕೆಂಪು ಚುಕ್ಕಿ ಕಾಣುವ ಸೈಟ್‌ನಲ್ಲಿ, ಎರಡೂ ಕಣ್ಣು ತೆರೆದು ಗುರಿ ನೋಡು, ಚುಕ್ಕಿ ತಾನೇ ಬಂದು ಕೂರುತ್ತದೆ. ಹೊಸಬರು ಎಷ್ಟು ಬೇಗ ಕಲಿಯುತ್ತಾರೆ ಅಂದರೆ ನಮ್ಮಂಥ ಹಳಬರಿಗೆ ಹೊಟ್ಟೆಕಿಚ್ಚು! ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯ ಈ ಸೈಟನ್ನು ಅಮೆರಿಕದ ಸೈನ್ಯ 1997ರಲ್ಲೇ ತೆಗೆದುಕೊಂಡಿತ್ತು. ಅವರ ಕಾಂಪ್‌ಎಂ4 ಮಾದರಿ ಒಂದೇ ಒಂದು ಸಾಮಾನ್ಯ ಎಎ ಬ್ಯಾಟರಿಯಲ್ಲಿ 8 ವರ್ಷದವರೆಗೂ ಉರಿಯುತ್ತದೆ.

ಆದರೆ ಒಂದು ಹುಳುಕಿದೆ. ಸೈಟ್ ಇರೋದು ಬ್ಯಾರೆಲ್‌ಗಿಂತ ಸುಮಾರು 6.5 ಸೆಂ.ಮೀ. ಮೇಲೆ. ಹೊಸ ಹುಡುಗ ಮರಳಚೀಲದ ಹಿಂದೆ ಮಲಗುತ್ತಾನೆ. ಗಾಜಿನೊಳಗೆ ಗುರಿ ಚೆನ್ನಾಗಿ ಕಾಣುತ್ತದೆ, ಅಡ್ಡ ಏನೂ ಇಲ್ಲ. ಟ್ರಿಗರ್ ಒತ್ತುತ್ತಾನೆ. ಮುಖದ ತುಂಬಾ ಮರಳು! ಕಣ್ಣಿಗೆ ದಾರಿ ಸಿಕ್ಕಿತ್ತು, ಬ್ಯಾರೆಲ್‌ಗೆ ಸಿಕ್ಕಿರಲಿಲ್ಲ. ಹತ್ತಿರದ ಗುರಿಗೂ ಇದೇ ಲೆಕ್ಕ. 10 ಮೀಟರ್‌ನಲ್ಲಿ ಗುಂಡು ಚುಕ್ಕಿಗಿಂತ 5-6 ಸೆಂ.ಮೀ. ಕೆಳಗೆ ಬೀಳುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮರಳು ತಿಂದವನು ಮಾತ್ರ ಮರೆಯೋದಿಲ್ಲ.

ಇನ್ನೂ ಮುಂದೆ ಹೋದ ಸೈಟ್‌ಗಳೂ ಬಂದಿವೆ. ಎಂ7 ಮೇಲೆ ಕೂರುವ ಎಕ್ಸ್‌ಎಂ157ನಲ್ಲಿ 1ರಿಂದ 8 ಪಟ್ಟು ಹಿಗ್ಗಿಸುವ ದುರ್ಬೀನಿದೆ, ದೂರ ಅಳೆಯುವ ಲೇಸರ್ ಇದೆ, ಎಷ್ಟು ಮೇಲೆ ಹಿಡಿಯಬೇಕು ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಇದೆ. ಇಸ್ರೇಲಿನ ಸ್ಮ್ಯಾಶ್ ಅನ್ನೋದು ಇನ್ನೂ ವಿಚಿತ್ರ. ಟ್ರಿಗರ್ ಒತ್ತಿ ಹಿಡಿದರೂ ಗುರಿ ಸರಿಯಾಗಿ ಹೊಂದಿದ ಕ್ಷಣದಲ್ಲಷ್ಟೇ ಗುಂಡು ಬಿಡುತ್ತದೆ. ಸಣ್ಣ ಡ್ರೋನ್‌ಗಳನ್ನು ಹೊಡೆಯೋಕೆ ಬ್ರಿಟಿಷ್ ಸೈನ್ಯ 2023ರಲ್ಲಿ ಇದನ್ನು ಕೊಂಡಿತು. ಡ್ರೋನ್ ಕಾಟ ಇರುವ ತನಕ ಇಂಥವು ಬರುತ್ತಲೇ ಇರುತ್ತವೆ, ಬೇಕೂ ಬೇಕು. ನೀನು ನೋಡಬೇಕಾದ್ದು, ಬ್ಯಾಟರಿ ಸತ್ತಾಗ ಅದರಲ್ಲಿ ಏನು ಉಳಿಯುತ್ತದೆ? ಬ್ಯಾಟರಿ ತೆಗೆದೇ ಒಂದು ಸುತ್ತು ಹಾರಿಸಿ ನೋಡು.

ಈ ಸಾಮಾನೆಲ್ಲ ಕೂರುವ ಪಟ್ಟಿ, ಅಂದರೆ ಪಿಕಟಿನಿ ರೈಲ್, 1995ರಲ್ಲಿ ಒಂದೇ ಅಳತೆಗೆ ಬಂತು. ಕಚ್ಚಿನಿಂದ ಕಚ್ಚಿಗೆ 10 ಮಿ.ಮೀ. ಅದಕ್ಕೆ ಮುಂಚೆ ಟೇಪ್ ಸುತ್ತಿ ಟಾರ್ಚ್ ಕಟ್ಟಿಕೊಂಡವರೂ ಇದ್ದರು. ಈಗ ಜಾಗ ಇದೆ ಅಂತ ಎಲ್ಲವನ್ನೂ ಹೇರುತ್ತಾರೆ. ನಿನ್ನ ರೈಫಲ್ ಜಾತ್ರೆ ತೇರಾಗೋದು ಬೇಡ. ಒಂದು ಸೈಟ್, ಹೆಗಲಿಗೆ ಹಾಕೋಕೆ ಒಂದು ಒಳ್ಳೆಯ ಸ್ಲಿಂಗ್, ಕತ್ತಲ ಕೆಲಸ ಇದ್ದರೆ ಒಂದು ಟಾರ್ಚ್. ಉಳಿದದ್ದಕ್ಕೆ ಕಾರಣ ಕೊಡಬೇಕು, ಕೊಡದಿದ್ದರೆ ಬಿಚ್ಚಿಡು. ಕೂರಿಸುವಾಗ ಸೈಟನ್ನು ಕಚ್ಚಿನೊಳಗೆ ಮುಂದಕ್ಕೆ ಒತ್ತಿ ಹಿಡಿದು, ಆಮೇಲೆ ಸ್ಕ್ರೂ ಬಿಗಿ ಮಾಡು. ಇಲ್ಲದಿದ್ದರೆ ಹೊಡೆತದ ಧಕ್ಕೆಗೆ ಅದು ಅಲುಗಿ ಜೀರೋ, ಅಂದರೆ ಹೊಂದಿಸಿಟ್ಟ ಗುರಿ, ಹೋಗುತ್ತದೆ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆ. ಗೆರೆ ಮುರಿದಂತೆ ಕಂಡರೆ ಸ್ಕ್ರೂ ಸಡಿಲವಾಗಿದೆ ಅಂತ ಅರ್ಥ. ನಿನ್ನ ಉಗುರುಬಣ್ಣ ಸರ್ಕಾರಿ ಕೆಲಸಕ್ಕೆ ಬರುತ್ತದೆ ಅಂತ ಅಮ್ಮನಿಗೆ ಹೇಳಿದೆ, ನಕ್ಕಳು.

ಕಿವಿ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೆಷಿನ್ ಗನ್ ಕಂಡುಹಿಡಿದ ಹೀರಾಮ್ ಮ್ಯಾಕ್ಸಿಮ್ ಆ ಸದ್ದಿಗೇ ಕಿವುಡನಾದ. 1909ರಲ್ಲಿ ಸೈಲೆನ್ಸರ್‌ಗೆ, ಅಂದರೆ ಈಗ ಸಪ್ರೆಸರ್ ಅನ್ನುವ ಸಾಮಾನಿಗೆ, ಪೇಟೆಂಟ್ ಪಡೆದವನು ಅವನ ಮಗ. ಇಷ್ಟು ಹಳೆಯ ಸಾಮಾನು ಮಾಮೂಲಿ ಕಾಲಾಳುಗಳ ಕೈಗೆ ಬರೋಕೆ ನೂರು ವರ್ಷ ಬೇಕಾಯಿತು ನೋಡು. ಅಮೆರಿಕದ ಮರೀನ್ ಪಡೆ ತನ್ನ ಕಾಲಾಳುಗಳಿಗೆ ಹಂಚೋಕೆ ಶುರು ಮಾಡಿದ್ದು 2020ರ ಕೊನೆಗೆ. ರೈಫಲ್ ಸದ್ದು 160 ಡೆಸಿಬೆಲ್ ದಾಟುತ್ತದೆ. ಸಪ್ರೆಸರ್ ಅದರಲ್ಲಿ 25-30 ಕಡಿಮೆ ಮಾಡಬಹುದು. ಸಿನಿಮಾದಲ್ಲಿ ತೋರಿಸುವ ಹಾಗೆ ಪುಸ್ ಅನ್ನೋದಿಲ್ಲ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಆಗುವ ಚಟ್ ಸದ್ದನ್ನು ಅದು ತಡೆಯಲಾರದು. ಹಾಗಾಗಿ ಸಪ್ರೆಸರ್ ಇದ್ದರೂ ಇಯರ್‌ಪ್ಲಗ್ ಬೇಕು. ಅದರ ದೊಡ್ಡ ಉಪಯೋಗ ಬೇರೆ: ಪಕ್ಕದವಳು ಕೂಗಿದ್ದು ಕೇಳಿಸುತ್ತದೆ, ಹೊಗೆ-ಬೆಂಕಿ ಕಡಿಮೆ ಕಾಣುತ್ತದೆ.

ಅದರ ಖರ್ಚನ್ನೂ ನೋಡು. ಗ್ಯಾಸ್ ಮುಂದೆ ಹೋಗೋಕೆ ದಾರಿ ಕಮ್ಮಿಯಾಗಿ ಒಂದಷ್ಟು ಹಿಂದಕ್ಕೆ, ನಿನ್ನ ಮುಖಕ್ಕೇ ಬರುತ್ತದೆ. ಗುಂಡಿನ ಕ್ಯಾಪ್‌ನಲ್ಲಿ ಸೀಸದ ಅಂಶ ಇರುತ್ತದೆ. ಕಣ್ಣು ಉರಿ ಬಂತಾ, ಎಷ್ಟು ಗುಂಡಿಗೆ ಬಂತು, ಬರೆದಿಡು. ಫೈರಿಂಗ್ ಮುಗಿದ ಮೇಲೆ ಕೈ-ಮುಖ ತೊಳೆಯದೆ ಏನೂ ತಿನ್ನಬೇಡ. ಇದು ಟ್ರಯಲ್‌ಗೆ ಅಲ್ಲ, ನಿನಗೆ.

ಮೈಗೆ ಹೊಂದೋದು ಇನ್ನೊಂದು ವಿಷಯ. ನಿನ್ನ ತೋಳು ಗಿಡ್ಡ. ಬುಲೆಟ್‌ಪ್ರೂಫ್ ಜಾಕೆಟ್ ಹಾಕಿದ ಮೇಲೆ ಬಟ್, ಅಂದರೆ ಭುಜಕ್ಕೆ ಒತ್ತುವ ಹಿಂಭಾಗ, ಇನ್ನೂ ಉದ್ದ ಅನ್ನಿಸುತ್ತದೆ, ಭುಜದಿಂದ ಜಾರುತ್ತದೆ. ಹಿಂದೆಲ್ಲ "ಹುಡುಗಿಯರಿಗೆ ಫೈರಿಂಗ್ ಬರೋದಿಲ್ಲ" ಅಂತ ನಗುತ್ತಿದ್ದವರು ಬಟ್‌ನ ಅಳತೆ ಒಮ್ಮೆಯೂ ನೋಡಿರಲಿಲ್ಲ. ಈಗ ಹಿಂದೆ ಮುಂದೆ ಸರಿಸುವ ಬಟ್ ಬಂದಿದೆ. 2017ರಲ್ಲಿ ಅಮೆರಿಕನ್ನರು ಆರಿಸಿದ ಪಿಸ್ತೂಲಿಗೆ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಅಳತೆಯ ಹಿಡಿ ಇದೆ. ನಾಚಿಕೊಳ್ಳದೆ ನಿನ್ನ ಅಳತೆಗೆ ಹೊಂದಿಸಿಕೊಂಡೇ ಹಾರಿಸು. ಎಡಗೈಯವರು ತಂಡದಲ್ಲಿದ್ದರೆ ಅವರ ಕೈಗೂ ಕೊಡಿ. ಖಾಲಿ ಕೇಸ್ ಅವರ ಕೆನ್ನೆಗೆ ಹೊಡೆಯುತ್ತದಾ ಅನ್ನೋದು ಅವರು ಹಾರಿಸಿದರೆ ಮಾತ್ರ ಗೊತ್ತಾಗುವ ವಿಷಯ.

ತರಬೇತಿಗೂ ಈಗ ಬಣ್ಣಬಣ್ಣದ ಸಾಮಾನು ಬಂದಿದೆ. ಲೇಸರ್ ಸಿಮ್ಯುಲೇಟರ್, ಪರದೆ ಮೇಲೆ ಓಡುವ ಶತ್ರು. ಆಸ್ಟ್ರೇಲಿಯಾದ ಒಂದು ಕಂಪನಿ ಗಾಲಿ ಮೇಲೆ ತಾನೇ ಓಡಾಡುವ ರೋಬೋಟ್ ಗುರಿಗಳನ್ನೂ ಮಾಡಿದೆ, ಗುಂಡು ಬಿದ್ದರೆ ಮಿಕ್ಕವು ಚದುರುತ್ತವೆ. ನಿಂತ ಹಲಗೆಗೆ ಹೊಡೆದು ಬೆಳೆದವರಿಗೆ ಅದು ನಿಜವಾದ ಪಾಠ, ಸಿಕ್ಕರೆ ಬಿಡಬೇಡ. ಸಿಮ್ಯುಲೇಟರ್ ಮಾತ್ರ ಅರ್ಧ ಊಟ. ಅದರಲ್ಲಿ ಬ್ಯಾರೆಲ್ ಕಾಯೋದಿಲ್ಲ, ಬೆವರು ಕಣ್ಣಿಗೆ ಇಳಿಯೋದಿಲ್ಲ. ಸಿಮ್ಯುಲೇಟರ್ ಬಂತು ಅಂತ ನಿಜ ಗುಂಡಿನ ಕೋಟಾ ಕಡಿಮೆ ಮಾಡೋಕೆ ಹೊರಟರೆ ವರದಿಯಲ್ಲಿ ಬೇಡ ಅಂತ ಬರಿ.

ದುಡ್ಡೇ ಬೇಡದ ಅಭ್ಯಾಸವೊಂದಿದೆ. ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿಂದ ನೋಡು, ಬೆರಳಿಂದ ಮುಟ್ಟಿ ನೋಡು, ಜೊತೆಯವಳಿಗೂ ತೋರಿಸು. ಗುಂಡು ಒಂದೂ ಆ ಕೋಣೆಯಲ್ಲಿರಬಾರದು. ಆಮೇಲೆ ಬ್ಯಾರೆಲ್ ತುದಿಯ ಹತ್ತಿರ ಒಂದು ನಾಣ್ಯ ಇಡಿಸಿಕೋ. ನಿಧಾನಕ್ಕೆ ಟ್ರಿಗರ್ ಒತ್ತು. ಟಕ್ ಅಂದಾಗ ನಾಣ್ಯ ಅಲ್ಲೇ ಇರಬೇಕು. ಮೊದಮೊದಲು ಬೀಳುತ್ತದೆ. ಬೆರಳಿನ ಬದಲು ಇಡೀ ಕೈ ಹಿಂಡುತ್ತಿದ್ದೀಯ ಅಂತ ಆ ನಾಣ್ಯ ಹೇಳುವಷ್ಟು ಚೆನ್ನಾಗಿ ಯಾವ ಸೆನ್ಸರ್ ಕೂಡ ಹೇಳೋದಿಲ್ಲ, ಇದು ನನ್ನ ಹಠ ಅಂತಲೇ ಇಟ್ಟುಕೋ. ಹೊಸ ರೈಫಲ್‌ನ ಟ್ರಿಗರ್ ಗುಣ ತಿಳಿಯೋಕೆ ಟ್ರಯಲ್‌ಗೆ ಮುಂಚೆ ದಿನಾ ಸ್ವಲ್ಪ ಹೊತ್ತು ಮಾಡು.

ಕೊನೆಗೆ ವರದಿ. ಗುಂಡು ಸಿಕ್ಕಿಕೊಂಡಾಗ ಎಲ್ಲರೂ ಬೇಗ ಬೇಗ ಸರಿಮಾಡಿ ಮುಂದೆ ಹೋಗುತ್ತಾರೆ, ಸಂಜೆ ಹಾಳೆಯಲ್ಲಿ "ತೃಪ್ತಿಕರ" ಅಂತ ಬರೆಯುತ್ತಾರೆ. ನೀನು ಹಾಗೆ ಮಾಡಬೇಡ. ಎಷ್ಟನೇ ಗುಂಡಿಗೆ ಆಯಿತು, ಯಾವ ಮ್ಯಾಗಜೀನ್, ಗುಂಡನ್ನು ಚೇಂಬರ್‌ಗೆ ತಳ್ಳುವ ಬೋಲ್ಟ್ ಎಲ್ಲಿ ನಿಂತಿತ್ತು, ಆಗ ಎಣ್ಣೆ ಇತ್ತಾ ಒಣಗಿತ್ತಾ, ಅಷ್ಟನ್ನೂ ಆಗಲೇ ಬರೆದುಕೋ. ಮ್ಯಾಗಜೀನ್‌ಗಳಿಗೆ ಮೊದಲೇ ಪೇಂಟ್‌ನಲ್ಲಿ ನಂಬರ್ ಹಾಕಿಸು, ಕಾಟ ಕೊಡೋದು ಎಷ್ಟೋ ಸಲ ಒಂದೇ ಮ್ಯಾಗಜೀನ್ ಆಗಿರುತ್ತದೆ. ಸಿಕ್ಕಿಕೊಂಡ ಖಾಲಿ ಕೇಸನ್ನು ಎಸೆಯಬೇಡ. ಅಂಚು ಹರಿದಿದೆಯಾ, ಕುತ್ತಿಗೆ ನುಗ್ಗಾಗಿದೆಯಾ ನೋಡಿ, ಲಕೋಟೆಗೆ ಹಾಕಿ, ಮೇಲೆ ತಾರೀಕು ಬರೆದು ಬಂದೂಕು ರಿಪೇರಿ ಮಾಡುವ ನಿಮ್ಮ ಆರ್ಮರರ್ ಕೈಗೆ ಕೊಟ್ಟು ಸಹಿ ಹಾಕಿಸಿಕೋ. ಕಂಪನಿಯವರು ಬಂದು "ನಮ್ಮದರಲ್ಲಿ ಹಾಗೆಲ್ಲ ಆಗೋದಿಲ್ಲ ಮೇಡಂ" ಅಂದಾಗ ಮಾತಾಡೋಕೆ ಹೋಗಬೇಡ, ಲಕೋಟೆ ತೆರೆದು ಮೇಜಿನ ಮೇಲೆ ಸುರಿ.

ಇಂತಿ,
ನಿನ್ನ ಅಪ್ಪ