ಈ ವಾರದ ಇಂಗ್ಲಿಷ್ ಪದ: ಟ್ಯೂಮಲ್ಚುಅಸ್ (tumultuous)

ಎಲ್ಲರಿಗೂ ನಮಸ್ಕಾರ. ಮೊದಲು ಉಚ್ಚಾರ ನೋಡಿ. ಒತ್ತು ‘ಮಲ್’ ಮೇಲೆ ಬೀಳಬೇಕು, ‘ಟ್ಯೂ’ ಮೇಲೆ ಅಲ್ಲ.

ಅರ್ಥ: ಗದ್ದಲ, ಕೋಲಾಹಲದಿಂದ ಕೂಡಿದ. ಹಾಗಂತ ಎಲ್ಲ ಸದ್ದಿಗೂ ಇದನ್ನು ಹಾಕಬೇಡಿ. ಮಿಕ್ಸಿ ಸದ್ದಿಗೆ ‘ನಾಯ್ಸಿ’ ಸಾಕು. ಇದಕ್ಕೆ ಸಾಮಾನ್ಯವಾಗಿ ಜನರ ದೊಡ್ಡ ಗುಂಪು ಬೇಕು, ಆವೇಶ ಬೇಕು. ವಿಶ್ವಕಪ್ ಗೆದ್ದು ಬಂದ ತಂಡಕ್ಕೆ ಸಿಗುವುದು ‘ಟ್ಯೂಮಲ್ಚುಅಸ್ ವೆಲ್ಕಮ್’. ಅಂದರೆ ಬೈಗುಳ ಅಲ್ಲ, ಖುಷಿಯ ಗದ್ದಲಕ್ಕೂ ಸಲ್ಲುತ್ತದೆ. ಸದ್ದೇ ಇಲ್ಲದ ಕಡೆಯೂ ಬರುತ್ತದೆ: 1975–77ರ ತುರ್ತು ಪರಿಸ್ಥಿತಿಯ ಕಾಲವನ್ನು ‘ಟ್ಯೂಮಲ್ಚುಅಸ್ ಇಯರ್ಸ್’ ಎನ್ನಬಹುದು. ಅಲ್ಲಿ ಅರ್ಥ ಏರುಪೇರು, ತಳಮಳ.

ಇದರ ಮೂಲ ಲ್ಯಾಟಿನ್‌ನ ‘ಟುಮುಲ್ಟಸ್’. ನಮ್ಮ ‘ತುಮುಲ’ ನೆನಪಾಯಿತು, ಅಲ್ವಾ? ಗೀತೆಯ ಮೊದಲ ಅಧ್ಯಾಯದಲ್ಲಿ ಶಂಖ, ಭೇರಿ ಒಟ್ಟಿಗೆ ಮೊಳಗಿದಾಗ ‘ಸ ಶಬ್ದಸ್ತುಮುಲೋಽಭವತ್’ ಎಂದಿದೆ. ನನಗಂತೂ ಈ ಪದ ನೆನಪಿಡಲು ಇಷ್ಟೇ ಸಾಕು.

‘ಅಪ್‌ರೋರಿಯಸ್’ ಜತೆ ಗೊಂದಲ ಬೇಡ. ಅದು ಜಾಸ್ತಿ ಬರುವುದು ಬಿದ್ದು ಬಿದ್ದು ನಗುವ ಕಡೆ.

ಭಾನುವಾರದೊಳಗೆ ಒಬ್ಬೊಬ್ಬರು ಒಂದು ವಾಕ್ಯ ಹಾಕಿ. ನಿಘಂಟಿನಿಂದ ಸುಮ್ನೆ ಕಾಪಿ ಮಾಡಬೇಡಿ. ಗುಡ್ ಮಾರ್ನಿಂಗ್ ಚಿತ್ರಗಳೂ ಬೇಡ!