ಬಾದಾಮಿ ನಡಿಗೆಗೆ ಹೊಸ ಬೂಟು ಕೊಡಿಸಬೇಡಿ

ಬಾಗಲಕೋಟೆ

ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರ.

ಡಿಸೆಂಬರ್ ತಿಂಗಳ ಎರಡನೇ ಶನಿವಾರ ಮಕ್ಕಳನ್ನು ಬಾದಾಮಿಯ ಸಿಡ್ಲಫಡಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಸುದ್ದಿ ಗೊತ್ತಾದಾಗಿನಿಂದ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬರೀ ಟ್ರೆಕ್ಕಿಂಗ್ ಬೂಟು, ದೊಡ್ಡ ಬ್ಯಾಗು, ಮಡಚುವ ಕೋಲುಗಳ ಫೋಟೊಗಳೇ. ದಯವಿಟ್ಟು ಏನನ್ನೂ ಆರ್ಡರ್ ಮಾಡಬೇಡಿ. ಈ ನಡಿಗೆಗೆ ಬೇಕಾದ್ದು ಬಹುತೇಕ ನಿಮ್ಮ ಮನೆಯಲ್ಲೇ ಇದೆ. ಅದರಲ್ಲಿ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಅಂತ ಹೇಳುವುದಕ್ಕೇ ಈ ಪತ್ರ.

ಮೊದಲು ಜಾಗದ ಬಗ್ಗೆ. ಸಿಡ್ಲಫಡಿ ಬಾದಾಮಿ ಊರಿನಿಂದ ಸುಮಾರು 4 ಕಿ.ಮೀ. ದೂರ. ದೊಡ್ಡ ಬಂಡೆಗಳು ಸೇರಿ ಕಮಾನಿನ ಹಾಗೆ ನಿಂತಿವೆ, ಅದರ ನೆರಳಲ್ಲಿ ಇತಿಹಾಸಪೂರ್ವ ಕಾಲದ ಜನ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಅಲ್ಲಿಗೆ ಬಸ್ಸು, ಆಟೊ ಹೋಗುವುದಿಲ್ಲ. ಕುರುಚಲು ಕಾಡು, ಮರಳುಗಲ್ಲಿನ ಹಾಸು, ಜಾಲಿ ಮುಳ್ಳು. ದಾರಿಯಲ್ಲಿ ಅಂಗಡಿ ಇಲ್ಲ, ನಲ್ಲಿ ಇಲ್ಲ. ಕಾಲುದಾರಿಗಳು ಕವಲೊಡೆಯುತ್ತವೆ, ಹಾಗಾಗಿ ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರುತ್ತಾರೆ. ಬೆಳಿಗ್ಗೆ ಐದೂವರೆಗೆ ಶಾಲೆಯಿಂದ ಬಸ್ಸು ಹೊರಡುತ್ತದೆ. ಇಷ್ಟು ಬೇಗ ಯಾಕೆ ಅಂತ ಕೆಲವರು ಕೇಳಿದ್ದೀರಿ. ನಮ್ಮ ಕಡೆ ಡಿಸೆಂಬರ್‌ನಲ್ಲೂ ಹನ್ನೊಂದರ ಮೇಲೆ ಬಿಸಿಲು ಚುರುಗುಟ್ಟುತ್ತದೆ, ಬಂಡೆಯೂ ಕಾಯುತ್ತದೆ. ಅಷ್ಟರೊಳಗೆ ಮಕ್ಕಳು ಹಿಂದಿರುಗುವ ದಾರಿಯಲ್ಲಿರಬೇಕು.

ಈಗ ಬೂಟಿನ ವಿಷಯ. ಹೊಸ ಬೂಟು ಕಚ್ಚುತ್ತದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಉಳಿದ ದಾರಿಯೆಲ್ಲ ಮಗು ಕುಂಟುತ್ತದೆ, ಜೊತೆಯವರೂ ನಿಲ್ಲಬೇಕಾಗುತ್ತದೆ. ಪಿ.ಟಿ. ತರಗತಿಗೆ ಹಾಕುವ ಕ್ಯಾನ್ವಾಸ್ ಬೂಟೇ ಸಾಕು. ಆದರೆ ಇವತ್ತೇ ಅದನ್ನು ತಿರುವಿ ನೋಡಿ. ಅಡಿಯ ಗೆರೆಗಳು ಸವೆದು ನುಣ್ಣಗಾಗಿದ್ದರೆ ಬೇಡ, ಯಾಕೆಂದರೆ ಮರಳುಗಲ್ಲಿನ ಮೇಲೆ ಸಣ್ಣ ಮರಳು ಹರಡಿರುತ್ತದೆ, ಇಳಿಯುವಾಗ ಸರ್ರನೆ ಜಾರುತ್ತದೆ. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ತಳ ಬಾಯಿ ಬಿಟ್ಟರೆ ಚಮ್ಮಾರರ ಹತ್ತಿರ ಒಂದು ಹೊಲಿಗೆ ಹಾಕಿಸಿ. ಬೂಟು ಚಿಕ್ಕದಾಗಿ ಬೇರೆ ಕೊಡಿಸಲೇಬೇಕು ಅಂತಿದ್ದರೆ ಈ ವಾರವೇ ಕೊಡಿಸಿ, ದಿನಾ ಶಾಲೆಗೆ ಹಾಕಿಕೊಂಡು ಬರಲಿ. ಹಿಂದಿನ ದಿನ ಕಾಲುಗುರು ಕತ್ತರಿಸಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತಿ ಉಗುರು ನೋಯುತ್ತದೆ. ಚಪ್ಪಲಿ, ಸ್ಯಾಂಡಲ್ ಹಾಕಿಕೊಂಡು ಬಂದವರನ್ನು ಬಸ್ಸು ಹತ್ತಿಸುವುದಿಲ್ಲ. ಈ ಮಾತಿನಲ್ಲಿ ಸಡಿಲಿಕೆ ಇಲ್ಲ.

ಎರಡನೆಯದು ನೀರು. ಒಬ್ಬೊಬ್ಬರಿಗೆ 2 ಲೀಟರ್. ಒಂದೇ ದೊಡ್ಡ ಬಾಟಲಿಗಿಂತ ಒಂದೊಂದು ಲೀಟರಿನ ಎರಡು ಬಾಟಲಿ ಒಳ್ಳೆಯದು. ಒಂದು ಖಾಲಿಯಾದರೆ ಅರ್ಧ ಮುಗಿಯಿತು ಅಂತ ಮಗುವಿಗೇ ಗೊತ್ತಾಗುತ್ತದೆ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಓಆರ್‌ಎಸ್ ಬೆರೆಸಿದರೂ ಆಗುತ್ತದೆ. ಒಂದು ಲೀಟರಿನ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ರುಚಿ ಜಾಸ್ತಿ ಆಗಲಿ ಅಂತ ಅರ್ಧ ಲೀಟರಿಗೆ ಹಾಕಬಾರದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದ ಲೆಕ್ಕದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಣ್ಣದ ಸೋಡಾ ಬಾಟಲಿ ಬೇಡವೇ ಬೇಡ.

2 ಲೀಟರ್ ನೀರು ಅಂದರೆ 2 ಕಿಲೋ ಭಾರ. ಶಾಲಾ ಬ್ಯಾಗಿಗೆ ಇರುವ ನಿಯಮವನ್ನೇ ಇಲ್ಲೂ ಇಟ್ಟುಕೊಂಡಿದ್ದೇವೆ: ಮಗುವಿನ ತೂಕದ ಹತ್ತರಲ್ಲಿ ಒಂದು ಭಾಗ ಮೀರಬಾರದು. 40 ಕಿಲೋ ಇರುವ ಮಗುವಿಗೆ 4 ಕಿಲೋ. ಅದರಲ್ಲಿ ಅರ್ಧ ನೀರೇ ಆಯಿತಲ್ವಾ? ಉಳಿದದ್ದರಲ್ಲಿ ಊಟ, ಸ್ವೆಟರ್, ಟವೆಲ್ ಎಲ್ಲ ಹಿಡಿಯಬೇಕು. ಹಿಂದಿನ ರಾತ್ರಿ ಬ್ಯಾಗು ತುಂಬಿಸಿ, ತೂಕದ ಯಂತ್ರದ ಮೇಲೆ ಒಮ್ಮೆ ಬ್ಯಾಗು ಹಾಕಿಕೊಂಡು, ಒಮ್ಮೆ ಬಿಚ್ಚಿಟ್ಟು ನಿಲ್ಲಲು ಹೇಳಿ. ಬ್ಯಾಗನ್ನು ತುಂಬುವುದು ಮಗುವೇ ಆಗಿರಲಿ, ಅಮ್ಮನೋ ಅಜ್ಜಿಯೋ ಅಲ್ಲ. ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದ ಮಗು ದಾರಿಯಲ್ಲಿ ಇಡೀ ಬ್ಯಾಗನ್ನೇ ಸುರಿಯುತ್ತದೆ. ಶಾಲೆಯ ಬ್ಯಾಗನ್ನೇ ತರಲಿ, ಎರಡೂ ಹೆಗಲಿಗೆ ಪಟ್ಟಿ ಇರಬೇಕು ಅಷ್ಟೇ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿ.ಟಿ. ಪ್ಯಾಂಟು, ತುಂಬು ತೋಳಿನ ತೆಳು ಅಂಗಿ, ಮೇಲೊಂದು ಸ್ವೆಟರ್. ಜೀನ್ಸ್ ಬೇಡ, ಬಂಡೆ ಹತ್ತುವಾಗ ಮೊಣಕಾಲು ಹಿಡಿಯುತ್ತದೆ. ತಲೆಗೆ ಟೋಪಿ ಇಲ್ಲದಿದ್ದರೆ ಅಜ್ಜನ ಟವೆಲ್ ಕೊಡಿ. ಹೊಲದಲ್ಲಿ ಅವರು ಸುತ್ತಿಕೊಳ್ಳುವ ಹಾಗೆ ಸುತ್ತಿಕೊಂಡರೆ ಕತ್ತಿಗೂ ನೆರಳು, ಬೆವರಿಗೂ ಆಯಿತು. ಸೆಂಟು, ಬಾಡಿ ಸ್ಪ್ರೇ ಹಾಕಬೇಡಿ. ಬಾದಾಮಿಯ ಬಂಡೆಗಳ ಚಾಚಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಗಾಢ ವಾಸನೆ ಅದಕ್ಕೆ ಆಗಿಬರುವುದಿಲ್ಲ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಹಗುರ, ಕೆಡುವುದಿಲ್ಲ, ಚೆಲ್ಲುವುದಿಲ್ಲ. ಡಬ್ಬಿ ಬ್ಯಾಗಿನ ಒಳಗಿರಲಿ. ಬಾದಾಮಿಯ ಮಂಗಗಳಿಗೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಬಂದು ಕಸಿಯುತ್ತವೆ. ಕಸಿದರೆ ಬಿಟ್ಟುಬಿಡಬೇಕು, ಎಳೆದಾಡಬಾರದು ಅಂತ ಮನೆಯಲ್ಲೂ ಒಮ್ಮೆ ಹೇಳಿ.

ಇನ್ನೊಂದು ವಿಷಯ. ಹಗ್ಗ ಕಟ್ಟಿಕೊಂಡು ಬಾದಾಮಿ ಬಂಡೆ ಏರುವವರ ವಿಡಿಯೊ ನೋಡಿ ಒಂಬತ್ತನೇ ತರಗತಿಯ ಹುಡುಗರು "ನಾವೂ ಹಗ್ಗ ತರ್ತೀವಿ ಸರ್" ಎನ್ನುತ್ತಿದ್ದಾರೆ. ಬಾದಾಮಿಗೆ ಹೊರದೇಶಗಳಿಂದಲೂ ಅಂಥವರು ಬರುತ್ತಾರೆ, ನಿಜ. ಆದರೆ ಅವರ ಹಗ್ಗ ಬೇರೆ. ಬಿದ್ದವನ ಭಾರಕ್ಕೆ ಅದು ಹಿಗ್ಗಿ ಏಟನ್ನು ತಗ್ಗಿಸುತ್ತದೆ. ಬಾವಿಯ ಹಗ್ಗ ಹಾಗೆ ಹಿಗ್ಗುವುದಿಲ್ಲ, ಇಡೀ ಏಟು ಸೊಂಟದ ಮೇಲೇ ಬೀಳುತ್ತದೆ. ಸೊಂಟಪಟ್ಟಿ, ಹೆಲ್ಮೆಟ್, ಕಲಿಸುವ ತರಬೇತುದಾರರು ಇಲ್ಲದೆ ಆ ಕೆಲಸಕ್ಕೆ ಕೈ ಹಾಕುವಂತಿಲ್ಲ. ನಮ್ಮದು ನಡಿಗೆ ಮಾತ್ರ. ಹಗ್ಗ ತಂದರೆ ಬಸ್ಸಿನಲ್ಲೇ ತೆಗೆದಿಟ್ಟುಕೊಳ್ಳುತ್ತೇವೆ.

ಶಾಲೆಯ ಕಡೆಯಿಂದ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹೆಚ್ಚುವರಿ ನೀರು, ಪ್ರತಿ ಗುಂಪಿಗೊಂದು ಸೀಟಿ ಇರುತ್ತದೆ. ಮೂರು ಸಲ ಊದಿದರೆ ಸಹಾಯ ಬೇಕು ಎಂದರ್ಥ, ತಮಾಷೆಗೆ ಊದುವಂತಿಲ್ಲ. ಮೊಬೈಲ್ ಶಿಕ್ಷಕರ ಹತ್ತಿರ ಮಾತ್ರ. ಬಸ್ಸು ಮುಖ್ಯ ರಸ್ತೆಯಲ್ಲೇ ಕಾಯುತ್ತದೆ. ಮಧ್ಯಾಹ್ನ ಊಟದ ನಂತರ ಗುಹೆಗಳನ್ನು ನೋಡಿ, ಆಮೇಲೆ ಕೆರೆಯ ಆಚೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ಅತಿ ಹಳೆಯ ತ್ರಿಪದಿ ಇರುವುದು ಅದರಲ್ಲೇ. ಕನ್ನಡ ಟೀಚರ್ ಅಲ್ಲಿಂದ ಬೇಗ ಹೊರಡಲು ಬಿಡುವುದಿಲ್ಲ, ಸಂಜೆ ತಲುಪುವುದು ಸ್ವಲ್ಪ ತಡವಾದರೆ ಗಾಬರಿಯಾಗಬೇಡಿ.

ಬಿಇಒ ಕಚೇರಿಯ ಅನುಮತಿಗೆ ಅರ್ಜಿ ಕೊಟ್ಟಿದ್ದೇವೆ. ಪತ್ರ ಕೈಗೆ ಬರದೆ ಬಸ್ಸು ಹೊರಡುವುದಿಲ್ಲ. ನಿಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕೊಡಿ. ಮಗುವಿಗೆ ಉಬ್ಬಸ, ಮೂರ್ಛೆ, ಜೇನು ಕಡಿದರೆ ಮೈ ಊದಿಕೊಳ್ಳುವುದು, ಹೀಗೆ ಏನೇ ಇದ್ದರೂ ಅದರಲ್ಲೇ ಬರೆಯಿರಿ. ಬರೆದರೆ ಮಗುವನ್ನು ಬಿಟ್ಟು ಹೋಗುತ್ತಾರೆ ಅಂತ ಮುಚ್ಚಿಡಬೇಡಿ. ದಿನಾ ತೆಗೆದುಕೊಳ್ಳುವ ಮಾತ್ರೆ, ಇನ್ಹೇಲರ್ ಇದ್ದರೆ ಹೆಸರು ಬರೆದ ಪೊಟ್ಟಣದಲ್ಲಿ ಹಾಕಿ, ಬಸ್ಸು ಹತ್ತುವ ಮೊದಲು ನನ್ನ ಕೈಗೇ ಕೊಡಿ.

ಇಂತಿ,
ಮುಖ್ಯೋಪಾಧ್ಯಾಯರು